ಬದಲಾದ ಬೋಲ್ಟು

ಪಕ್ಕದ ಮನೆಯ ಮಿಲಿಟರಿ ಅಣ್ಣ ಕುಡಿದು ಕಣ್ಣು ಕಳೆದುಕೊಳ್ಳಲಿಲ್ಲ. ನಮ್ಮೂರ ಗೌಡ ಅವನ ಬಂದೂಕಿನ ಬೋಲ್ಟು ಕದ್ದು, ತನ್ನ ಹಾಳು ಬೋಲ್ಟನ್ನು ಅವನಿಗೆ ಅಂಟಿಸಿದ. ನಡೆದದ್ದು ಇಷ್ಟೇ. ಉಳಿದದ್ದು ಊರವರು ಕಟ್ಟಿದ ಮಾತು.

ಹೋದ ವಾರ ಅಟ್ಟದಿಂದ ಅಣ್ಣನ ತಗಡಿನ ಡಬ್ಬಿ ಇಳಿಸಿದೆ. ಯಾಕೆ ಇಳಿಸಿದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮುಚ್ಚಳ ತೆಗೆದದ್ದೇ ಬಂದೂಕಿನ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಜಗುಲಿಯ ಮೇಲೆ ಗೋಣಿಚೀಲ ಹಾಸಿ, ಬಂದೂಕು ಬಿಚ್ಚಿಕೊಂಡು ಕೂರುತ್ತಿದ್ದ ಅವನು ಕಣ್ಣ ಮುಂದೆ ಬಂದ...

ಸೈನ್ಯದಿಂದ ಬಂದ ಮೇಲೆ ಲೈಸೆನ್ಸು ಮಾಡಿಸಿ ಒಂದು ಹಳೇ ಮಿಲಿಟರಿ ರೈಫಲ್ಲು ಇಟ್ಟುಕೊಂಡಿದ್ದ. ಶೇಂಗಾ ಹೊಲಕ್ಕೆ ಹಂದಿ ನುಗ್ಗಿದರೆ ಗಾಳಿಗೆ ಹಾರಿಸಿ ಓಡಿಸುವ ಕೆಲಸವನ್ನು ಊರೇ ಅವನಿಗೆ ಒಪ್ಪಿಸಿತ್ತು. ಅಂಥದ್ದೇ ಇನ್ನೊಂದು ಗೌಡನ ಮನೆಯಲ್ಲಿತ್ತು. ಎರಡೂ ನನಗಿಂತ ಹಳೆಯವು. ನಮ್ಮ ಬಿಸಿಲಿಗೆ ಮರದ ಹಿಡಿ ಸೀಳುತ್ತಿತ್ತು, ಸ್ಪ್ರಿಂಗು ಸೋಲುತ್ತಿತ್ತು, ಬೋಲ್ಟಿನ ತುದಿಯಲ್ಲಿದ್ದ, ಖಾಲಿ ತೋಟಾ ಹೊರಗೆಳೆಯುವ ಕೊಕ್ಕೆ ಮುರಿಯುತ್ತಿತ್ತು. ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅಣ್ಣ ಹಿಡಿಗೆ ಅಗಸೆ ಎಣ್ಣೆ ತಿಕ್ಕುತ್ತಿದ್ದ, ಎಲ್ಲೆಲ್ಲಿಂದಲೋ ಹಳೇ ಸಾಮಾನು ತಂದು ಈ ಡಬ್ಬಿ ತುಂಬಿಸುತ್ತಿದ್ದ. ಗೌಡ ತನ್ನದನ್ನು ಗೋಡೆಗೆ ನೇತುಹಾಕಿ ತುಕ್ಕು ಹಿಡಿಸಿದ್ದ. ಕೊಕ್ಕೆ ಮುರಿದು, ಹಾರಿಸಿದ ತೋಟಾ ಒಳಗೇ ಕಚ್ಚಿಕೊಳ್ಳುತ್ತಿತ್ತು. ಕಡ್ಡಿ ಹಾಕಿ ತಳ್ಳಬೇಕಿತ್ತು.

ಆಯುಧಪೂಜೆಗೆ ನಮ್ಮೂರಲ್ಲಿ ಅಮ್ಮನ ಗುಡಿಯ ಮುಂದೆ ಕರಿ ಕಂಬಳಿ ಹಾಸಿ ಬಂದೂಕು ಇಡುತ್ತಾರೆ. ಕುಡಿದವನು ಯಾವನಾದರೂ ಹಾರಿಸಿಯಾನು ಅಂತ ತೋಟಾದ ಹಿಂದೆ ಅಗುಳಿಯಂತೆ ಕೂರುವ ಬೋಲ್ಟು ಬಿಚ್ಚಿ ಬೇರೆ ಇಡುವುದು ಪದ್ಧತಿ. ಪೂಜೆ ಮುಗಿದ ಮೇಲೆ ಗೌಡನೇ ಎತ್ತಿ ಕೊಡಬೇಕು. ಅಮ್ಮನ ಮುಂದಿನಿಂದ ಕೈಗೆ ಬಂದದ್ದನ್ನು ಬದಲಿಸು ಅನ್ನುವಂತಿಲ್ಲ.

ಆ ವರ್ಷ ಅಣ್ಣ ಬೋಲ್ಟು ಹಾಕಿ ಎಳೆದು ನೋಡಿ ಅಲ್ಲೇ ನಿಂತ.

"ಗೌಡ್ರೆ, ಇದು ನಂದಲ್ಲ. ಲೊಡಲೊಡ ಅಂತೈತೆ."

"ಒಳಗೆ ಹೋತಲ್ಲಪ್ಪ, ಹೋದಮ್ಯಾಲೆ ನಿಂದೇ. ಅಮ್ಮನ ಮುಂದೆ ತಕರಾರು ತೆಗೀಬ್ಯಾಡ."

ಊರೆಲ್ಲ ನೆಲ ನೋಡಿತು.

ಸಂಜೆ ನಾನು, "ಎರಡೂ ಒಂದೇ ತರ ಕಾಣ್ತಾವಲ್ಲಣ್ಣ" ಅಂದೆ.

"ನಿಮ್ಮತ್ತೆ ಹಲ್ಲಿನ ಸೆಟ್ಟು ನಿನ್ ಬಾಯಿಗೆ ಹಾಕ್ಕಂಡು ರೊಟ್ಟಿ ತಿನ್ನು ನೋಡಾನ" ಅಂದ. "ಒಳಗೆ ಹೋಗ್ತೈತೆ, ಕಚ್ಚಿ ನಿಲ್ಲಲ್ಲ. ತೋಟಾ ಸೀಳಿದ್ರೆ ಬೆಂಕಿ ನನ್ ಮಕಕ್ಕೇ ಬರೋದು."

ಮುರಿದ ಕೊಕ್ಕೆಯನ್ನು ಬದಲಿಸಿದ. ಆದರೆ ಬಂದೂಕು ಹಾರಿಸಲಿಲ್ಲ. ತಗಡು ಬಡಿಯುತ್ತಾ ಕೋಲು ಹಿಡಿದು ಹಂದಿಯ ಹಿಂದೆ ಓಡಿದ. ಕಟ್ಟೆಯ ಮೇಲೆ ಕೂತವರು, "ಏನ್ ಮಿಲಿಟರಿ, ಹಂದಿಗೆ ಬ್ಯಾಂಡ್ ಬಾರಿಸ್ತೀಯಾ?" ಅಂತ ಆಡಿಕೊಂಡರು. ಒಂದು ಸಂಜೆ ಶೇಂಗಾ ಕೀಳುತ್ತಿದ್ದ ನಮ್ಮ ಮೇಲೇ ಹಂದಿಗಳು ನುಗ್ಗಿದವು. ಆಗ ಹೆಗಲಿನ ಬಂದೂಕು ತೆಗೆದು ಹಾರಿಸಿದ. ತೋಟಾ ಸೀಳಿತು. ಬೆಂಕಿ ಹಿಂದಕ್ಕೆ ಬಂತು, ಬಲಗಣ್ಣು ಹೋಯಿತು. ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡವಳು ನಾನು. ಸುಟ್ಟ ಮದ್ದಿನ ವಾಸನೆ ಇತ್ತು. ಸಾರಾಯಿಯ ವಾಸನೆ ಇರಲಿಲ್ಲ.

ಕುಡಿದಿದ್ದ ಅಂತ ಗೌಡ ಸುದ್ದಿ ಹಬ್ಬಿಸಿದ. ಲೈಸೆನ್ಸು ಹೋಯಿತು, ಬಂದೂಕು ಹೋಯಿತು. ದೇವಸಮುದ್ರಕ್ಕೆ ಕೊಟ್ಟಿದ್ದ ಅಣ್ಣನ ಒಬ್ಬಳೇ ಮಗಳೂ ಆ ಮಾತು ನಂಬಿ ಬರುವುದು ಬಿಟ್ಟಳು. ನಾನು ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದರೆ, "ಅತ್ತೆ, ನೀನು ಅಪ್ಪನ ಕಡೇನೇ ಮಾತಾಡ್ತೀಯ" ಅಂದಳು. ಅಣ್ಣ ಹಾಸಿಗೆ ಹಿಡಿದಾಗ ಬಸ್ಸಿನ ಸದ್ದಾದರೆ ಸಾಕು, ಇದ್ದ ಒಂದು ಕಣ್ಣಲ್ಲಿ ಬಾಗಿಲ ಕಡೆ ನೋಡುತ್ತಿದ್ದ... ಅವಳು ಬರಲಿಲ್ಲ. ಡಬ್ಬಿ ನನ್ನ ಕೈಗೆ ಕೊಟ್ಟು ಸತ್ತ.

ಗೌಡನೂ ಸತ್ತ, ಆರಾಮಾಗಿ. ಹೋದ ವಾರ ಅವನ ಮಗ ಬಂದು ನಮ್ಮ ಜಗುಲಿಯ ಮೇಲೆ ಕೂತ.

"ದೊಡ್ಡವ್ವ, ಮಿಲಿಟರಿ ತಾತನ ಡಬ್ಬಿ ನಿನ್ ತಾವ ಐತಂತೆ. ನಮ್ ಬಂದೂಕಿನ ಕೊಕ್ಕೆ ಮುರದೈತೆ."

ನಾನು ಡಬ್ಬಿ ಇಳಿಸಿ ಮುಚ್ಚಳ ತೆಗೆದು, "ಅವನ ಸಾಮಾನು ನಿಮ್ದಕ್ಕೆ ಆಗ್ತೈತೇನು?" ಅಂದೆ.

"ಆಗದೇನು, ಬೋಲ್ಟು ತಾತಂದೇ ಅಲ್ವಾ. ಕಂಬಳಿ ಮ್ಯಾಲೆ ಹೆಂಗೆ ಬದಲಾಯಿಸ್ದೆ ಅಂತ ಅಪ್ಪ ಹೇಳ್ಕಂಡು ನಗೋರು. ನಮ್ಮ ಅದೃಷ್ಟ, ನಮ್ದಕ್ಕೆ ಸರಿಯಾಗಿ ಕುಂತ್ಬಿಡ್ತು."

ಅವನೂ ನಕ್ಕ. ಒಬ್ಬನ ಕಣ್ಣು ಹೋದದ್ದು ಅವರ ಮನೆಯಲ್ಲಿ ಊಟದ ಹೊತ್ತಿನ ತಮಾಷೆ. ನಾನು ಮುಚ್ಚಳ ಹಾಕಿದೆ. "ಎದ್ದು ಹೋಗು" ಅಂದೆ. ಯಾಕೆ ಅಂತ ಅವನಿಗೆ ತಿಳಿಯಲೇ ಇಲ್ಲ. ಅದಕ್ಕೆ ನನಗೆ ಇನ್ನೂ ಉರಿಯಿತು.

ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋದೆ, ಅಲ್ಲಿಂದ ಹೊರಟು ಮೊಳಕಾಲ್ಮೂರಿನಲ್ಲಿ ಬಸ್ಸು ಬದಲಿಸಿ ದೇವಸಮುದ್ರದಲ್ಲಿ ಇಳಿದೆ. ಅಣ್ಣನ ಮಗಳು ಕುರಿಗೆ ಸೊಪ್ಪು ಕಟ್ಟುತ್ತಿದ್ದಳು. ಚೊಂಬಿನಲ್ಲಿ ನೀರು ತಂದಳು. ನಾನು ಮುಟ್ಟಲಿಲ್ಲ. ಗೌಡನ ಮಗ ಹೇಳಿದ್ದನ್ನು ಬಾಗಿಲಲ್ಲೇ ನಿಂತು, ಒಳಗಿದ್ದ ಅವಳ ಗಂಡನಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ.

ಅವಳು ಸೊಪ್ಪಿನ ಮೇಲೇ ಕೂತುಬಿಟ್ಟಳು. "ಅಪ್ಪ ಕುಡಿದಿರ್ಲಿಲ್ವಾ ಅತ್ತೆ?"

"ಇಲ್ಲ."

ಆ ಮಾತು ಕಿವಿಯಾರೆ ಕೇಳಬೇಕಾದ ಅಣ್ಣನೇ ಈಗ ಇಲ್ಲ. ಅವಳು ಅತ್ತಳು, ನಾನು ಸಮಾಧಾನ ಮಾಡಲಿಲ್ಲ. ಚೊಂಬು ಎತ್ತಿ ನೀರು ಕುಡಿದೆ.