ಬೀಚಿನ ಗಂಟಲು

ಆಗೆಲ್ಲ ಶನಿವಾರ ಬಂತೆಂದರೆ ನಮ್ಮ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಮ್ಮ ಬಂದರಿನ ಊರಲ್ಲಿ, ಸಡಾ ಎಂಬ ಗುಡ್ಡದ ಮೇಲೆ ಒಂದು ಹಳೇ ಕೋಣೆಯಲ್ಲಿ ವೀಣಾ ಟೀಚರ್ ನಮ್ಮಂಥ ಮಕ್ಕಳಿಗೆ ಪುಕ್ಕಟೆ ಹಾಡು ಕಲಿಸುತ್ತಿದ್ದರು. ಧಾರವಾಡದವರು, ಗಂಡನಿಗೆ ಬಂದರಿನಲ್ಲಿ ನೌಕರಿ. ಹಾರ್ಮೋನಿಯಂ ತೆರೆದರೆ ಹಳೇ ಕಟ್ಟಿಗೆಯ ವಾಸನೆ, ಪಾಠ ಮುಗಿದರೆ ಟೀಚರ್ ಚುರುಮುರಿ ಕಲಸಿ ಕೊಡುವ ಗಿರಮಿಟ್ಟಿನ ಹಸಿ ಉಳ್ಳಾಗಡ್ಡಿಯ ವಾಸನೆ. ಯಾವುದಕ್ಕಾಗಿ ಹೋಗುತ್ತಿದ್ದೆ ಎಂದು ಕೇಳಬೇಡಿ, ಎರಡಕ್ಕೂ.

ನನ್ನ ತೊಂದರೆ ಒಂದೇ. ಶಾಲೆ ಬಿಟ್ಟೊಡನೆ ಅವ್ವನ ಜೊತೆ ಬೀಚಿನಲ್ಲಿ ಮಣಿಸರ ಮಾರುವವಳು ನಾನು. ಅಲೆಗಳ ಸದ್ದು ಮೀರಿ ಕೂಗಿ ಕೂಗಿ ಗಂಟಲು ಹಾಗೇ ಬೆಳೆದಿತ್ತು. ನಾನು ಬಾಯಿ ತೆರೆದರೆ ಉಳಿದವರ ಹಾಡು ಮುಳುಗಿಯೇ ಹೋಗುತ್ತಿತ್ತು.

"ರೇಣುಕಾ, ಸಣ್ಣಗ ಹಾಡವಾ. ಇಲ್ಲಿ ಯಾರೂ ಸರ ಕೊಳ್ಳಾಕ ಬಂದಿಲ್ಲ," ಎನ್ನುತ್ತಿದ್ದರು ಟೀಚರ್. ಎಲ್ಲರೂ ಕಿಸಕ್ಕನೆ ನಗುತ್ತಿದ್ದರು. ನಾನೂ.

ಆದರೆ ಮನೆಯವರೆದುರು ನಾವು ಹಾಡುವ ಕಾರ್ಯಕ್ರಮ ನಿಗದಿಯಾದಾಗ, "ನೀ ಈ ಸಲ ಬರೇ ತಾಳ ಹಾಕು," ಎಂದುಬಿಟ್ಟರು. ಸಿಟ್ಟು ನೆತ್ತಿಗೇರಿತು. ನಾನು ಹಾಡುವುದನ್ನು ಕೇಳಲೆಂದೇ ಅವ್ವ ಒಂದು ಸಂಜೆಯ ವ್ಯಾಪಾರ ಬಿಟ್ಟು ಬರುವವಳಿದ್ದಳು. ಅವಳೆದುರು ಚಪ್ಪಾಳೆ ತಟ್ಟುತ್ತ ಕೂರಬೇಕೇ?

ಕಾರ್ಯಕ್ರಮದ ಸಂಜೆ ಕೋಣೆಯ ಮುಂದಿನ ಅಂಗಳದಲ್ಲಿ ಹಾಡು ಶುರುವಾಗುತ್ತಲೇ ಕರೆಂಟು ಹೋಯಿತು. ಮೈಕು ಬಂದ್ ಆಯಿತು. ಗುಡ್ಡದ ಗಾಳಿಗೆ ಮಕ್ಕಳ ದನಿ ನಾಕು ಮಾರು ಹೋಗಲಿಲ್ಲ. ನಾಚಿಕೊಂಡು ಹಿಂದೆ ಗೋಡೆಗೆ ಆತು ನಿಂತಿದ್ದ ತಾಯಂದಿರ ನಡುವಿನಿಂದ ಅವ್ವ ಕೂಗಿದಳು: "ಏನೂ ಕೇಳವಲ್ದರಿ, ಟೀಚರ."

ಟೀಚರ್ ನನ್ನತ್ತ ತಿರುಗಿದರು. "ಹಾಡವಾ ರೇಣುಕಾ. ಬೀಚಿನ್ಯಾಗ ಕೂಗ್ತಿಯಲ್ಲ, ಹಂಗ ಹಾಡು."

ಹಾಡಿದೆ ನೋಡಿ. ಇಷ್ಟು ದಿನ ಅದುಮಿಟ್ಟಿದ್ದನ್ನೆಲ್ಲ ಬಿಟ್ಟು ಹಾಡಿದೆ. ಉಳಿದವರೂ ನನ್ನ ದನಿ ಹಿಡಿದು ತಾವೂ ಏರಿಸಿದರು. ಕೆಳಗಿನ ಓಣಿಯ ಜನ ಏನಾಯಿತೆಂದು ಮೆಟ್ಟಿಲು ಹತ್ತಿ ಬಂದರು. ಅವ್ವ ಪಕ್ಕದವಳನ್ನು ತಿವಿತಿವಿದು, "ನಮ್ಮ ಹುಡುಗಿ ರೀ, ನಮ್ಮ ಹುಡುಗಿ," ಎನ್ನುತ್ತಿದ್ದಳಂತೆ. ಆ ಸಂಜೆಯಷ್ಟು ಖುಷಿ ನನಗೆ ಆಮೇಲೆ ಎಂದೂ ಆಗಿಲ್ಲ.

ಈಗ ಅದೇ ಕೋಣೆಯಲ್ಲಿ ಮಕ್ಕಳಿಗೆ ಪಾಠ ನಾನೇ ಮಾಡುತ್ತೇನೆ. ವರ್ಷಗಟ್ಟಲೆ ಸಾಧನೆ ಮಾಡಿ ದನಿ ಹದಕ್ಕೆ ಬಂದಿದೆ, ಸಭೆಗಳಿಗೂ ಕರೆಯುತ್ತಾರೆ. ಮೊನ್ನೆ ಒಂದು ಕಡೆ ಹಾಡಿ ಇಳಿದು ಬಂದವಳು, "ಹೆಂಗಿತ್ತಬೇ ಯವ್ವಾ?" ಎಂದು ಕೇಳಿದೆ.

"ಭಾಳ ಚಲೋ ಆತು," ಎಂದಳು ಅವ್ವ. ನನ್ನ ಸೆರಗು ಸರಿಮಾಡುತ್ತ, "ಆದ್ರ ಕಣ್ಣ ಮುಚ್ಚಿ ಕೇಳಿದ್ರ, ನೀನ ಅಂತ ಗೊತ್ತ ಆಗಂಗಿಲ್ಲ ಬಿಡು," ಎಂದಳು.