ಮನಸ್ಸಿನಾಗ ಓದಬೇಕಂತ!

ಕೂಡಿದ ಮಹಾಜನರೇ, ಮೊಬೈಲು ಹಿಡಿದು ಮೂಲೆ ಸೇರಿದವರೇ, ಎಲ್ಲರೂ ಕೇಳಿರಿ! ಇಂದು ಬ್ಯಾಡಗಿಯಲ್ಲಿ ನಮ್ಮ ಓಣಿಯ ವಾಚನಾಲಯದಲ್ಲಿ ಘೋರ ಶಾಂತಿಭಂಗವಾಯಿತು. ಅಪರಾಧಿ ಎರಡನೇ ಇಯತ್ತೆಯ ಹುಡುಗಿ. ಅಪರಾಧ, ಅಜ್ಜಿಯ ಪಕ್ಕ ಕುಳಿತು ನರಿಯ ಕಥೆಯನ್ನು ಬಾಯಿಬಿಟ್ಟು ಓದಿದ್ದು.

ಎದುರಿಗೆ ಕುಳಿತ ಮೆಣಸಿನಕಾಯಿ ದಲಾಲರು, ಇಡೀ ಓಣಿಗೆ ಕೇಳುವಂತೆ ಫೋನಿನಲ್ಲಿ ಪೇಟೆಯ ಧಾರಣೆ ಕೂಗಿ ಮುಗಿಸಿ, ಹುಡುಗಿಯತ್ತ ಗುಡುಗಿದರು: "ಏ ತಂಗಿ, ಇದೇನ್ ಸಂತಿ ಅಂತ ತಿಳ್ದೀ ಏನ? ಮನಸ್ಸಿನಾಗ ಓದು, ಇಲ್ಲಾ ಹೊರಗ ನಡಿ!"

"ಮನಸ್ಸಿನಾಗ ಓದಿದ್ರ ನಮ್ಮ ಆಯಿಗೆ ಹೆಂಗ ಕೇಳಸ್ತೈತ್ರಿ?" ಎಂದಳು ಹುಡುಗಿ, ಅಜ್ಜಿಯತ್ತ ಕೈ ತೋರಿಸಿ. "ಆಕಿಗೆ ಓದಾಕ ಬರಂಗಿಲ್ರಿ."

ಉತ್ತರಿಸಲು ದಲಾಲರು ಬಾಯಿ ತೆರೆದರು. ಬಂದದ್ದು ಮಾತಲ್ಲ, ಸೀನು! ಮೆಣಸಿನಕಾಯಿ ಸುಗ್ಗಿಯಲ್ಲವೇ, ಘಾಟು ಊರನ್ನೇ ತುಂಬಿದೆ. ಕಿಟಕಿ ನಡುಗಿತು. ಅವರ ಹಿಂದೆ ಪೇಪರ್ ಓದುತ್ತಿದ್ದ ಹಿರಿಯರೆಲ್ಲ ಸಾಲಾಗಿ ಸೀನಿದರು. ಯಾರನ್ನೂ ಯಾರೂ ಹೊರಗೆ ಅಟ್ಟಲಿಲ್ಲ.

ಅಜ್ಜಿ ಮಾತ್ರ ಎದ್ದೇಬಿಟ್ಟಳು. "ನಡಿಯವ್ವಾ, ದೊಡ್ಡೋರು ಶಾಂತ ರೀತಿಲೆ ಸೀನಾಕತ್ತಾರ, ನಾವ್ಯಾಕ ಗದ್ಲ ಮಾಡೂದು?"

"ನರಿ ಇನ್ನಾ ಬಾವ್ಯಾಗ ಐತಿ, ಆಯೀ!" ಎಂದು ಹುಡುಗಿ ಅಳುಮುಖ ಮಾಡಿದಳು.

ಮೂಲೆಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ ನಾನು ಬಾಗಿಲಿಗೆ ಅಡ್ಡ ನಿಂತು, ನಾಳೆ ಬಂದೇ ಬರುತ್ತೇವೆಂದು ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದೇನೆ. ಬೆಳಿಗ್ಗೆ ವಾಚನಾಲಯ ತೆರೆಯುವ ಹೊತ್ತಿಗೆ ದಲಾಲರ ಎದುರಿನ ಬೆಂಚಿನಲ್ಲೇ ಕುಳಿತು, ಕಿವಿಗೆ ಕೈಯೊಡ್ಡಿ ಹೇಳುತ್ತೇನೆ: "ತಂಗೀ, ನನಗ ಕಿವಿ ಮಂದ ಐತಿ. ಜೋರ್ ಓದು!"