ಓ ಪೇರ್ ಕರಾರಿನ ಒಂಬತ್ತನೇ ಕಲಮು

ನಾನು ಜರ್ಮನಿಗೆ ಓ ಪೇರ್ ಆಗಿ ಹೋಗುತ್ತೇನೆ ಎಂದಾಗ ಕಂಪ್ಲಿಯ ನಮ್ಮ ಮನೆಯಲ್ಲಿ ಮೊದಲು ತಕರಾರು ಎದ್ದದ್ದು ಆ ಶಬ್ದದ ಮೇಲೆಯೇ. ನಮ್ಮ ಅಕ್ಕಿ ಗಿರಣಿಗೆ ಭತ್ತ ತರುವವರಲ್ಲಿ ಅರ್ಧ ಜನ ತೆಲುಗು ಮಾತಾಡುವವರು. ತೆಲುಗಿನಲ್ಲಿ ಪೇರು ಎಂದರೆ ಹೆಸರು. “ಓ ಪೇರು ಅಂದ್ರ ಒಂದು ಹೆಸರು ಅಂತಾತು. ಯಾರ ಹೆಸರು?” ಎಂದು ಅಪ್ಪ ಕೇಳಿದ. ಇನ್ನೊಬ್ಬರ ಮನೆಯಲ್ಲಿದ್ದು ಅವರ ಮಕ್ಕಳನ್ನು ನೋಡಿಕೊಳ್ಳುವುದು, ಬದಲಿಗೆ ಊಟ, ಕೋಣೆ, ಕೈಖರ್ಚು, ಭಾಷೆ ಕಲಿಯಲು ಅವಕಾಶ ಎಂದು ಬಿಡಿಸಿ ಹೇಳಿದೆ. ಅಪ್ಪನ ಮುಖ ಸಣ್ಣದಾಯಿತು. ಮರುದಿನದಿಂದ ಸಿಕ್ಕವರಿಗೆಲ್ಲ, ಮಗಳು ಫಾರಿನ್ನಿನಲ್ಲಿ ‘ಫ್ಯಾಮಿಲಿ ಮ್ಯಾನೇಜ್‌ಮೆಂಟ್’ ಮಾಡಲಿದ್ದಾಳೆ ಎಂದು ಹೇಳತೊಡಗಿದ. ಪೂರ್ತಿ ಸುಳ್ಳೇನಲ್ಲ.

ನನ್ನನ್ನು ಆರಿಸಿದ ಗಂಡ ಹೆಂಡತಿ ಹಿಂದೊಮ್ಮೆ ಹಂಪಿಗೆ ಬಂದು, ಗೆಸ್ಟ್‌ಹೌಸಿನಲ್ಲಿ ಮೂರು ದಿನ ಹೊಟ್ಟೆ ಕೆಟ್ಟು ಮಲಗಿದ್ದರಂತೆ. ಅಷ್ಟಕ್ಕೇ ನಮ್ಮ ಸೀಮೆಯನ್ನು ಅರೆದು ಕುಡಿದವರ ಹಾಗೆ ವಿಡಿಯೊ ಕಾಲಿನಲ್ಲಿ ಮಾತಾಡಿದರು. ಆದರೂ ಮನುಷ್ಯರು ಒಳ್ಳೆಯವರು. ಕರಾರು ಪತ್ರವನ್ನು ಇಂಗ್ಲಿಷಿನಲ್ಲೂ ಕಳಿಸಿದರು.

ಅದನ್ನು ಓದಲು ಸಂಡೂರಿನಿಂದ ಚಿಕ್ಕಪ್ಪ ಬಂದ. ಅಲ್ಲಿ ಗಣಿ ಕಂಪನಿಯೊಂದರ ಆಫೀಸಿನಲ್ಲಿ ಟೆಂಡರ್ ಓದುವುದೇ ಅವನ ಕೆಲಸವಾದ್ದರಿಂದ, ಯಾವ ಕಾಗದ ಕೊಟ್ಟರೂ ಮೋಸ ಎಲ್ಲಿದೆ ಎಂದು ಹುಡುಕುತ್ತಾನೆ. ದಿನಕ್ಕೆ ಆರು ಗಂಟೆ ಮೀರಿ ಕೆಲಸವಿಲ್ಲ ಎಂದಿತ್ತು. “ಉಳಿದ ಹೊತ್ತು ಏನ್ ಮಾಡಸ್ತಾರ?” ಎಂದ. ವಾರಕ್ಕೆ ಒಂದೂವರೆ ದಿನ ರಜೆ ಎಂದಿತ್ತು. “ಆ ಅರ್ಧ ದಿನದಾಗ ಏನೋ ಐತಿ” ಎಂದ. ಮನೆಯ ಮಗಳಂತೆ ನಡೆಸಿಕೊಳ್ಳಬೇಕು ಎಂಬ ಮಾತಿಗೆ ಮಾತ್ರ ಎಲ್ಲರೂ ತಲೆದೂಗಿದರು. ಅವ್ವನ ಕಣ್ಣು ತುಂಬಿ ಬಂತು. ಹಾಗೆ ಒಂಬತ್ತನೇ ಕಲಮಿಗೆ ಬಂದೆವು. ಅದು ವಿಮೆಯದು. ಹುಡುಗಿಯ ಕಾಯಿಲೆ, ಅಪಘಾತ, ಗರ್ಭ, ಹೆರಿಗೆ, ಇಷ್ಟಕ್ಕೂ ಆ ಮನೆಯವರೇ ತಮ್ಮ ಖರ್ಚಿನಲ್ಲಿ ವಿಮೆ ಮಾಡಿಸಬೇಕು.

ಚಿಕ್ಕಪ್ಪ ಆ ಸಾಲನ್ನು ಎರಡು ಸಲ ಓದಿ ಕನ್ನಡಕ ತೆಗೆದ.

“ಮದಿವಿ ಆಗದ ಹುಡುಗಿಗೆ ಹೆರಿಗಿ ಯಾಕ ಬರದಾರ?” ಎಂದು ಅಪ್ಪ ಕೇಳಿದ.

“ಸುಮ್ನ ಬರಿಯಂಗಿಲ್ಲಣ್ಣ. ಅವ್ರಿಗೆ ಮೊದ್ಲ ಗೊತ್ತಿರ್ತೈತಿ” ಎಂದು ಚಿಕ್ಕಪ್ಪ ಉರಿಯುವ ಬೆಂಕಿಗೆ ತುಪ್ಪ ಸುರಿದ.

ಹೋಗುವ ಎಲ್ಲ ಹುಡುಗಿಯರಿಗೂ ಇರುವ ನಿಯಮ ಇದು ಎಂದು ನಾನು ಗಂಟಲು ಹರಿದುಕೊಂಡೆ. ಕೇಳುವವರು ಯಾರು? ಆ ಸಾಲು ಹೊಡೆದು ಹಾಕಿದರೆ ಮಾತ್ರ ಕಳಿಸುತ್ತೇವೆ ಎಂದು ಚಿಕ್ಕಪ್ಪ ಜರ್ಮನಿಗೆ ಇಮೇಲ್ ಬರೆದ. ನಮ್ಮದು ಮರ್ಯಾದಸ್ಥರ ಮನೆತನ, ನಮ್ಮ ಹುಡುಗಿಗೆ ಈ ಸೌಲಭ್ಯದ ಅಗತ್ಯ ಬೀಳುವುದಿಲ್ಲ ಎಂದೂ ಸೇರಿಸಿದ. ನಾಚಿಕೆಯಿಂದ ನಾನು ಭೂಮಿಗಿಳಿದು ಹೋದೆ. ಉತ್ತರ ಬೇಗ ಬಂತು: ಆ ಸಾಲಿಲ್ಲದೆ ವಿಮೆ ಇಲ್ಲ, ವಿಮೆಯಿಲ್ಲದೆ ವೀಸಾ ಇಲ್ಲ. ವೀಸಾ ಕಚೇರಿಗೆ ಹೋಗಬೇಕಾದದ್ದು ಮುಂದಿನ ಸೋಮವಾರ. ಆ ಸಾಲಿದ್ದರೆ ಅಪ್ಪ ಬಿಡುವುದಿಲ್ಲ, ಇಲ್ಲದಿದ್ದರೆ ಜರ್ಮನಿ ಬಿಡುವುದಿಲ್ಲ. ಎರಡು ವರ್ಷ ಹೊಸಪೇಟೆಗೆ ಬಸ್ಸಿನಲ್ಲಿ ಓಡಾಡಿ ಕಲಿತ ಜರ್ಮನ್, ಆಗದ ಹೆರಿಗೆಯೊಂದರಲ್ಲಿ ಸಿಕ್ಕಿಬಿತ್ತು. ಸಿಟ್ಟಿಗೆ ನಾನು ಎರಡು ದಿನ ಉಣ್ಣಲಿಲ್ಲ.

ಶನಿವಾರ ಚಾ ತಂದಿಟ್ಟವಳು ಎಮ್ಮಿಗನೂರಿನ ಅಕ್ಕ. ನಾನು ಹುಟ್ಟಿದಾಗ ನನ್ನನ್ನು ಎತ್ತಿ ಆಡಿಸಲೆಂದು ನಮ್ಮ ಮನೆಗೆ ಬಂದು, ಆಮೇಲೆ ಅಡುಗೆಗೂ ನಿಂತವಳು. ಅವತ್ತು ಒಳಗೆ ಹೋಗದೆ ಬಾಗಿಲಿಗೆ ಒರಗಿ, ಆ ಕಾಗದವನ್ನು ಕನ್ನಡದಲ್ಲಿ ಓದು ಎಂದು ನನಗೆ ಹೇಳಿದಳು. ಓದಿದೆ.

“ಬಿದ್ದು ಕೈ ಮುರಿದ್ರೂ ಅವ್ರೇ ನೋಡ್ಕಂತಾರ?”

“ಹೂಂ.”

ಅವಳು ಅಪ್ಪನ ಕಡೆ ತಿರುಗಿದಳು. “ಸಾವ್ಕಾರ್ರ, ಹೆರಿಗಿ ಅಂತ ಬರದ್ರ ಹೊಟ್ಟಿ ಬರತೈತೇನ್ರಿ? ನಂಗ ಯಾರೂ ಬರದು ಕೊಟ್ಟಿದ್ದಿಲ್ಲ, ಹೆಂಗ ಬಂತು? ಲಾರಿಗೆ ಇನ್ಸೂರೆನ್ಸ್ ಕಟ್ಟೀರಿ, ಹೋಗಿ ಗುದ್ದಲಿ ಅಂತ ಕಟ್ಟೀರೇನು?”

ಅಪ್ಪ ಆ ಕಾಗದವನ್ನು ತನ್ನ ಕಡೆ ಎಳೆದುಕೊಂಡ.

“ಏಳು ತಿಂಗಳ ಬಸುರಿದ್ದಾಗ ನಿಮ್ಮ ಬಚ್ಚಲದಾಗ ಜಾರಿದೆ. ಈಕಿ ಕಂಕುಳಾಗಿದ್ಲು. ಈಕಿ ತಲಿ ಕಲ್ಲಿಗೆ ಬಡೀಬಾರ್ದಂತ ಕೈ ಕೊಟ್ಟೆ” ಎಂದು, ಸೊಟ್ಟಗೆ ಕೂಡಿಕೊಂಡ ಎಡ ಮಣಿಕಟ್ಟು ತೋರಿಸಿದಳು. “ಇಂಥದ್ದೊಂದು ಕಾಗದ ಇದ್ದಿದ್ರ ಇದು ನೆಟ್ಟಗ ಇರ್ತಿತ್ತು.”

ಅವ್ವನ ದನಿ ಏರಿತು. “ನಿನಗೇನ್ ಕಡಿಮಿ ಮಾಡೀವಿ? ಸೀರಿ ಉಡಿಸಿ, ಉಡಿ ತುಂಬಿ ಊರಿಗೆ ಕಳಿಸಿದ್ವಿ. ನೀ ಮನಿ ಮಗಳಿದ್ದಂಗ, ನಿನಗ್ಯಾಕ ಕಾಗದ?”

“ಈಕೀನೂ ಮನಿ ಮಗಳಿದ್ದಂಗ ಅಂತ ಬರದಾರ್ರಿ ಅಮ್ಮಾರ. ಆದ್ರೂ ಕಾಗದ ಕೊಟ್ಟಾರ.”

ಸೋಮವಾರ ಅಪ್ಪನೇ ನನ್ನನ್ನು ಬೆಂಗಳೂರಿನ ವೀಸಾ ಕಚೇರಿಗೆ ಕರೆದುಕೊಂಡು ಹೋದ. ಲಾರಿಯ ಮಾತು ಅವನಿಗೆ ನಾಟಿತ್ತು. ಮಣಿಕಟ್ಟಿನ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ವರ್ಷ ಮುಗಿಸಿ ಬಂದೆ. ಅಲ್ಲಿ ಒಂದು ಜ್ವರ ಬಂದದ್ದು ಬಿಟ್ಟರೆ ಆ ವಿಮೆಯ ಕೆಲಸ ಬೀಳಲಿಲ್ಲ. ಹೆರಿಗೆ ಮದುವೆಯಾದ ಮೇಲೆ ಹೊಸಪೇಟೆಯಲ್ಲೇ ಆಯಿತು. ಚಿಕ್ಕಪ್ಪ ಅವತ್ತಿಗೆ ನಿಶ್ಚಿಂತನಾದ. ಈಗ ಇಲ್ಲೇ, ಓ ಪೇರ್ ಆಗಿ ಹೊರಟ ಹುಡುಗಿಯರಿಗೆ ಮನೆಯಲ್ಲಿ ಜರ್ಮನ್ ಕಲಿಸುತ್ತೇನೆ. ವಿಮೆಯ ಪುಟ ಓದದೆ ಸಹಿ ಹಾಕಬೇಡಿ, ಮನೆ ಮಗಳು ಎಂಬ ಮಾತಿಗೆ ಮರುಳಾಗಬೇಡಿ ಎಂದು ಮೇಜು ಕುಟ್ಟಿ ಹೇಳುತ್ತೇನೆ. ಆ ಹೊತ್ತಿನಲ್ಲಿ ನನ್ನ ಮಗಳನ್ನು ನೋಡಿಕೊಳ್ಳುವವಳು ಎಮ್ಮಿಗನೂರಿನ ಅಕ್ಕನೇ. ತವರಿನ ಹಳೇ ತೊಟ್ಟಿಲಿನ ಜೊತೆಗೆ ಅವ್ವ ಅವಳನ್ನೂ ಕಳಿಸಿಕೊಟ್ಟಳು. ಅಕ್ಕಪಕ್ಕದವರು ವಿಚಾರಿಸಿದರೆ “ನಾ ಇಲ್ಲಿ ಓ ಪೇರು” ಎಂದು ನಗುತ್ತಾಳೆ.

ಮೊನ್ನೆ ಪಾಠ ಮುಗಿದು ಹುಡುಗಿಯರು ಹೋದ ಮೇಲೆ, ಮಗುವಿಗೆ ಎಣ್ಣೆ ಹಚ್ಚುತ್ತ ಕೇಳಿದಳು. “ಅವ್ರಿಗೆಲ್ಲ ಅಷ್ಟು ಹೇಳ್ತಿ. ನನ್ನ ಕಾಗದ ಎಲ್ಲೈತವ್ವ?”

“ನೀ ಮನಿ ಮಗಳಿದ್ದಂಗ ಅಕ್ಕ, ನಿನಗ್ಯಾಕ ಕಾಗದ?” ಎಂದೆ.

ಅವ್ವನ ಮಾತು, ಅಕ್ಷರ ತಪ್ಪಿರಲಿಲ್ಲ. ಕೇಳಿ ನನಗೇ ಮೈಯೆಲ್ಲ ನಾಚಿಕೆಯಾಯಿತು; ಕಾಗದ ಮಾತ್ರ ಇನ್ನೂ ಬರೆದಿಲ್ಲ. ಅಕ್ಕ ಮಗುವನ್ನು ಕಂಕುಳಿಗೆ ಏರಿಸಿಕೊಂಡು, ಸೊಟ್ಟ ಕೈಯಲ್ಲಿ ಗೋಡೆ ಹಿಡಿದು ಬಚ್ಚಲಿಗೆ ಇಳಿದಳು.